ಅಕ್ಕನ ಮಗುವನ್ನು ನಾನು ಹೊರಬಹುದೇ?

ಪ್ರಶ್ನೆ (ದಾವಣಗೆರೆಯಿಂದ)

ನನಗೆ 33 ವರ್ಷ, ಆರು ವರ್ಷದ ಒಬ್ಬ ಮಗನಿದ್ದಾನೆ. ಮೂರು ವರ್ಷದ ಹಿಂದೆ ನನ್ನ ಅಕ್ಕನಿಗೆ ಹೆರಿಗೆಯ ಸಮಯದಲ್ಲಿ ರಕ್ತಸ್ರಾವ ನಿಲ್ಲದೆ ಗರ್ಭಕೋಶವನ್ನೇ ತೆಗೆಯಬೇಕಾಯಿತು, ಮಗುವೂ ಉಳಿಯಲಿಲ್ಲ. ಅಂಡಾಶಯಗಳು ಚೆನ್ನಾಗಿರುವುದರಿಂದ ಅಕ್ಕ ಮತ್ತು ಭಾವನವರದೇ ಭ್ರೂಣ ರೂಪಿಸಬಹುದು, ಆದರೆ ಅದನ್ನು ಹೊರಲು ಬೇರೊಬ್ಬರು ಬೇಕು ಎಂದು ವೈದ್ಯರು ತಿಳಿಸಿದ್ದಾರೆ. ಅಕ್ಕ ನನ್ನನ್ನು ಈವರೆಗೆ ಬಾಯಿ ಬಿಟ್ಟು ಕೇಳಿಲ್ಲ. ಕೇಳಿದವರು ಅಮ್ಮ. ಇನ್ನೆರಡು ವರ್ಷಕ್ಕೆ ನಿನಗೆ 35 ತುಂಬುತ್ತದೆ, ಆಮೇಲೆ ಕಾನೂನು ಬಿಡುವುದಿಲ್ಲವಂತೆ ಎಂದು ಪ್ರತಿ ಫೋನಿನಲ್ಲೂ ನೆನಪಿಸುತ್ತಾರೆ. ಯಜಮಾನರು ನಿರ್ಧಾರವನ್ನು ನನಗೇ ಬಿಟ್ಟಿದ್ದಾರೆ, ಅತ್ತೆಯವರಿಗೆ ಇನ್ನೂ ಹೇಳಿಲ್ಲ.

ಅಕ್ಕನ ಮುಖ ನೋಡಿದಾಗ ಒಪ್ಪಿಬಿಡೋಣ ಎನಿಸುತ್ತದೆ. ರಾತ್ರಿ ಮಗ ಪಕ್ಕದಲ್ಲಿ ಮಲಗಿದಾಗ ಭಯವಾಗುತ್ತದೆ. ನನ್ನ ಹೆರಿಗೆ ಸಹಜವಾಗಿಯೇ ಆಯಿತು, ಕೊನೆಯ ತಿಂಗಳಲ್ಲಿ ಮಾತ್ರ ಬಿಪಿ ಏರಿ ಕಾಲು ಊದಿದ್ದರಿಂದ 37ನೇ ವಾರಕ್ಕೇ ನೋವು ಬರಿಸಿದ್ದರು. ಏನನ್ನು ನೋಡಿ ನಿರ್ಧರಿಸಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1 (ಸ್ತ್ರೀರೋಗ ತಜ್ಞೆ, ಮೈಸೂರು)

ನೀವು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ ಬಿಪಿಯ ವಿಷಯವೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿತು. ಆಗ ಮೂತ್ರದಲ್ಲಿ ಪ್ರೋಟೀನ್ ಇತ್ತೇ, ತಲೆನೋವು, ಕಣ್ಣು ಮಂಜಾಗುವುದು ಇತ್ತೇ, ಹೆರಿಗೆಯ ನಂತರ ಎಷ್ಟು ದಿನ ಮಾತ್ರೆ ತೆಗೆದುಕೊಂಡಿರಿ ಎಂಬುದೆಲ್ಲ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿರುತ್ತದೆ, ದಯವಿಟ್ಟು ಹುಡುಕಿ ತೆಗೆಯಿರಿ. ಅದು ಪ್ರಿಎಕ್ಲಾಂಪ್ಸಿಯಾ, ಅಂದರೆ ಬಸಿರಿನಲ್ಲಿ ಬಿಪಿ ಏರಿ ಸಾಮಾನ್ಯವಾಗಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ತೊಂದರೆ, ಆಗಿದ್ದರೆ ಮುಂದಿನ ಬಸಿರಿನಲ್ಲಿ ಮರುಕಳಿಸುವ ಸಾಧ್ಯತೆ ಇತರರಿಗಿಂತ ನಿಮಗೆ ಹೆಚ್ಚು. ಅದರ ಜೊತೆಗೆ, ತನ್ನದಲ್ಲದ ಅಂಡಾಣುವಿನಿಂದಾದ ಭ್ರೂಣವನ್ನು ಹೊರುವಾಗಲೂ, ಕೇವಲ ಹಾರ್ಮೋನ್ ಔಷಧಿಗಳಿಂದ ಗರ್ಭಕೋಶವನ್ನು ಸಿದ್ಧಪಡಿಸಿ ಭ್ರೂಣ ಇರಿಸುವಾಗಲೂ ಈ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಕಡಿಮೆ ಪ್ರಮಾಣದ ಆಸ್ಪಿರಿನ್ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ.

ನಿಮ್ಮನ್ನು ಪರೀಕ್ಷಿಸದೆ ಬೇಡವೆನ್ನುವ ಅಧಿಕಾರ ನನಗಿಲ್ಲ. ಆದರೆ ಅಕ್ಕನ ಚಿಕಿತ್ಸೆ ನಡೆಸುತ್ತಿರುವವರ ಅಭಿಪ್ರಾಯವೊಂದನ್ನೇ ನಂಬಿ ಮುಂದುವರಿಯಬೇಡಿ. ಆ ಚಿಕಿತ್ಸೆಗೆ ಸಂಬಂಧಪಡದ, ನಿಮ್ಮ ದೇಹವನ್ನಷ್ಟೇ ನೋಡಿ ಹೇಳುವ ಇನ್ನೊಬ್ಬ ಪ್ರಸೂತಿ ತಜ್ಞರನ್ನು ಕಾಣಿರಿ. ಮುಂದುವರಿದರೂ ಒಂದೇ ಭ್ರೂಣ ಇರಿಸಬೇಕೆಂದು ಪಟ್ಟು ಹಿಡಿಯಿರಿ. ನಿಯಮವೂ ಒಂದನ್ನೇ ಹೇಳುತ್ತದೆ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ ಅವಕಾಶವಿದೆ. ಅವಳಿ ಬಸಿರಾದರೆ ಬಿಪಿಯ ಅಪಾಯ ಇನ್ನಷ್ಟು ಏರುತ್ತದೆ.

ಉತ್ತರ 2 (ವಕೀಲರು, ಬೆಂಗಳೂರು)

2022ರ ಜನವರಿ 25ರಿಂದ ಜಾರಿಯಲ್ಲಿರುವ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆಯ ಪ್ರಕಾರ ಮದುವೆಯಾಗಿ ಸ್ವಂತ ಮಗುವಿರುವ, ಭ್ರೂಣ ಇರಿಸುವ ದಿನ 25ರಿಂದ 35ರೊಳಗಿನ ವಯಸ್ಸಿನ ಮಹಿಳೆ ಜೀವನದಲ್ಲಿ ಒಮ್ಮೆ ಮಾತ್ರ ಹೀಗೆ ಮಗುವನ್ನು ಹೊರಬಹುದು. ಪ್ರಯತ್ನಗಳು ಮೂರನ್ನು ಮೀರುವಂತಿಲ್ಲ. ವೈದ್ಯಕೀಯ ವೆಚ್ಚ, ನಿಗದಿತ ಇತರ ಖರ್ಚು ಹಾಗೂ ವಿಮೆಯ ಹೊರತು ಯಾವ ಹಣವನ್ನೂ ಪಡೆಯುವಂತಿಲ್ಲ. ಅಕ್ಕ-ಭಾವ ನಿಮ್ಮ ಹೆಸರಿನಲ್ಲಿ 36 ತಿಂಗಳ ವಿಮೆ ಮಾಡಿಸಲೇಬೇಕು. ಪಾಲಿಸಿಯ ಪ್ರತಿ ನಿಮ್ಮ ಕೈಯಲ್ಲಿರಲಿ. ಮಗುವಿನ ಪಾಲಕತ್ವದ ಬಗ್ಗೆ ದಂಡಾಧಿಕಾರಿಗಳ ನ್ಯಾಯಾಲಯದ ಆದೇಶವನ್ನು ಮೊದಲೇ ಪಡೆಯಬೇಕು, ಆ ಅರ್ಜಿಯಲ್ಲಿ ನೀವೂ ಅರ್ಜಿದಾರರಾಗಿರುತ್ತೀರಿ.

ನಿಮ್ಮ ತಾಯಿಯವರು ಕಾನೂನಿನ ವಯೋಮಿತಿಯನ್ನು ಸರಿಯಾಗಿಯೇ ಹೇಳಿದ್ದಾರೆ, ಆದರೆ ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳುತ್ತದೆ. ಅಪಾಯಗಳನ್ನೆಲ್ಲ ನಿಮಗೆ ವಿವರಿಸಿ, ನಿಮಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ಪಡೆಯಬೇಕು. ಸಹಿ ಹಾಕಿದ ಮೇಲೂ, ಭ್ರೂಣ ಇರಿಸುವ ಗಳಿಗೆಯವರೆಗೆ ನೀವು ಹಿಂದೆ ಸರಿಯಬಹುದು. ಬಸಿರಾದ ಮೇಲೆ ನಿಮ್ಮ ಒಪ್ಪಿಗೆಯಿಲ್ಲದೆ ಗರ್ಭಪಾತ ಮಾಡಿಸುವ ಹಕ್ಕು ಯಾರಿಗೂ ಇಲ್ಲ.

ಉತ್ತರ 3 (ಹುಬ್ಬಳ್ಳಿಯಿಂದ)

ತಂಗಿ, ನಾನು ನನ್ನ ತಂಗಿಯ ಮಗುವನ್ನು ಹೊತ್ತವಳು. ಆ ಮಗು ಈಗ ಮನೆ ತುಂಬ ಓಡಾಡುತ್ತದೆ, ನನ್ನನ್ನು ದೊಡ್ಡಮ್ಮ ಎನ್ನುತ್ತದೆ. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೂ ನನಗೆ ಮೊದಲೇ ಯಾರೂ ಹೇಳದಿದ್ದ ಕೆಲವನ್ನು ನಿಮಗೆ ಹೇಳಬೇಕು.

ಬಸಿರು ನಿಲ್ಲಲೆಂದು ಕೊಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಇಂಜೆಕ್ಷನ್ ಎಣ್ಣೆಯಲ್ಲಿರುವ ಔಷಧ. ಸುಮಾರು ಹತ್ತು ವಾರ ದಿನವೂ ಚುಚ್ಚಿಸಿಕೊಂಡು ಸೊಂಟದ ಕೆಳಗೆ ಎರಡೂ ಕಡೆ ಗಂಟುಕಟ್ಟಿ, ಮಗ್ಗುಲಾಗಿ ಮಲಗಲು ಆಗುತ್ತಿರಲಿಲ್ಲ. ತಂಗಿ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಹಿಂಡಿ ಶಾಖ ಕೊಡುತ್ತಿದ್ದಳು. ಮೊದಲ ಸಲ ಇರಿಸಿದ ಭ್ರೂಣ ನಿಲ್ಲಲಿಲ್ಲ. ರಕ್ತಪರೀಕ್ಷೆಯ ಫಲಿತಾಂಶ ಬಂದ ದಿನ ತಂಗಿ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಆದರೆ ತಪ್ಪು ನನ್ನ ದೇಹದ್ದೇ ಎಂಬಂತೆ ನಾನು ವಾರಗಟ್ಟಲೆ ಕುಗ್ಗಿದ್ದೆ.

ಹೆರಿಗೆಯಾದ ಮೂರನೆಯ ದಿನ ಎದೆ ಕಟ್ಟಿ ಹಾಲು ಬಂತು. ಪಕ್ಕದ ಕೋಣೆಯಲ್ಲಿ ತಂಗಿ ಮಗುವಿಗೆ ಬಾಟಲಿ ಹಿಡಿದಿದ್ದಳು, ನನ್ನ ಕುಪ್ಪಸ ಒದ್ದೆಯಾಗಿತ್ತು. ಬಾಣಂತನ ಮಗುವಿದ್ದ ಮನೆಗೆ ಹೋಯಿತು; ಎಣ್ಣೆನೀರು, ಅಂಟಿನುಂಡೆ ಎಲ್ಲ ಬೇಕಾಗಿದ್ದ ನನ್ನನ್ನು ಹದಿನೈದು ದಿನಕ್ಕೆ ಎಲ್ಲರೂ ಮರೆತರು. ಆದ್ದರಿಂದ ಹೆರಿಗೆಯ ನಂತರ ನಿಮ್ಮನ್ನು ಯಾರು ನೋಡಿಕೊಳ್ಳುತ್ತಾರೆ, ಆ ದಿನಗಳಲ್ಲಿ ಮಗ ಯಾರ ಬಳಿ ಇರುತ್ತಾನೆ, ಹೊಟ್ಟೆಯಲ್ಲಿರುವುದು ಅಕ್ಕನ ಪಾಪು ಎಂದು ಅವನಿಗೆ ಯಾವಾಗ ಹೇಳುತ್ತೀರಿ ಎಂಬುದು ಮೊದಲೇ ಇತ್ಯರ್ಥವಾಗಲಿ.

ಅಮ್ಮನನ್ನು ನಡುವೆ ಇಟ್ಟುಕೊಳ್ಳದೆ ಅಕ್ಕನೊಡನೆ ನೇರವಾಗಿ ಮಾತನಾಡಿ. ನಾನು ಆಗುವುದಿಲ್ಲ ಎಂದರೆ ನಮ್ಮಿಬ್ಬರ ನಡುವೆ ಏನಾದರೂ ಬದಲಾಗುತ್ತದೆಯೇ ಎಂದು ಕೇಳಿ. ನಾನು ಕೇಳಿದಾಗ ತಂಗಿ ಅತ್ತು, ಇಲ್ಲ ಎಂದಳು. ಆ ಉತ್ತರ ಕೇಳಿದ ಮೇಲೆಯೇ ನಾನು ಒಪ್ಪಿದ್ದು.

ಪ್ರಶ್ನೆ ಕೇಳಿದವರಿಂದ

ಬೀರುವಿನಲ್ಲಿದ್ದ ಹಳೆಯ ಕಾಗದ ಸಿಕ್ಕಿತು. ಮೂತ್ರದ ಪ್ರೋಟೀನ್ ಎಂಬಲ್ಲಿ 2 ಪ್ಲಸ್ ಎಂದಿದೆ, ಅಂದರೆ ಪ್ರೋಟೀನ್ ಹೋಗುತ್ತಿತ್ತು. ಆರು ವರ್ಷದಿಂದ ನಮ್ಮಲ್ಲಿ ಯಾರೂ ಅದನ್ನು ಓದಿರಲಿಲ್ಲ. ನಿನ್ನೆ ಅಕ್ಕನಿಗೆ ನಾನೇ ಫೋನ್ ಮಾಡಿದೆ. ಕಾಗದ ಓದಿ ಹೇಳುತ್ತಿದ್ದಂತೆ ಅವಳು ತಡೆದು, ಮೊದಲು ನೀನು ತೋರಿಸಿಕೊಂಡು ಬಾ, ಅಲ್ಲಿಯವರೆಗೆ ಅಮ್ಮನಿಗೆ ನಾನು ಹೇಳುತ್ತೇನೆ ಎಂದಳು. ಸೋಮವಾರ ಬೇರೆ ವೈದ್ಯರಲ್ಲಿ ಸಮಯ ಸಿಕ್ಕಿದೆ, ಅಕ್ಕನೂ ನನ್ನ ಜೊತೆ ಬರುತ್ತಾಳೆ.