ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಅಂತರ್ಜಾಲದ ಯಾವ ಸಾಮಗ್ರಿ ಉಪಯುಕ್ತ?

ಪ್ರಶ್ನೆ: ಜಗಳೂರು ತಾಲ್ಲೂಕಿನ ಶಿಕ್ಷಕಿ

ಮಾನ್ಯರೇ, ನಾನು ಜಗಳೂರು ತಾಲ್ಲೂಕಿನ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ದ್ವಿತೀಯ ಭಾಷೆಯಾಗಿ ಇಂಗ್ಲಿಷ್ ಕಲಿಸುತ್ತಿದ್ದೇನೆ. ಹಲವು ಮಕ್ಕಳ ಮನೆಮಾತು ಲಂಬಾಣಿಯಾದ್ದರಿಂದ ಅವರಿಗೆ ಕನ್ನಡವೇ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಪಾಠದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ತೇರ್ಗಡೆಯಾಗುವ ಇವರು, ಪುಸ್ತಕದಲ್ಲಿಲ್ಲದ ನಾಲ್ಕು ಸಾಲನ್ನು ಮುಂದಿಟ್ಟರೆ ತಡವರಿಸುತ್ತಾರೆ. ಕೇಳಿ ಅರ್ಥಮಾಡಿಕೊಳ್ಳುವುದಂತೂ ಇನ್ನೂ ದೂರದ ಮಾತು. ಶಾಲೆಯಲ್ಲಿ ಪೆನ್‌ಡ್ರೈವ್ ಹಾಕಬಹುದಾದ ದೊಡ್ಡ ಟಿವಿ ಇದೆ, ಆದರೆ ನೆಟ್‌ವರ್ಕ್ ನೆಚ್ಚುವಂತಿಲ್ಲ. ಮನೆಯಲ್ಲಿರುವ ಒಂದೇ ಫೋನು ಹಗಲೆಲ್ಲ ತಂದೆಯ ಜೊತೆ ಹೊಲದಲ್ಲಿರುತ್ತದೆ. ತಿಂಗಳೊಪ್ಪತ್ತಿನಲ್ಲಿ ಇಂಗ್ಲಿಷ್ ಕಲಿಸುತ್ತೇವೆನ್ನುವ ಯೂಟ್ಯೂಬ್ ವೀಡಿಯೊಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಕಾಳಾವುದು, ಜೊಳ್ಳಾವುದು ಎಂದು ಆರಿಸುತ್ತ ಕೂರಲು ಸಮಯವಿಲ್ಲ. ಇಂಥ ಪರಿಸ್ಥಿತಿಯಲ್ಲಿ ಯಾವುದನ್ನು ಬಳಸಬಹುದು, ಅದನ್ನು ಒಂದು ಪೀರಿಯಡ್‌ನೊಳಗೆ ಹೇಗೆ ಹೊಂದಿಸಬಹುದು ಎಂಬುದನ್ನು ಅನುಭವವಿರುವವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಚಳ್ಳಕೆರೆಯ ನಿವೃತ್ತ ಶಿಕ್ಷಕ

ಮೇಡಂ, ನಮ್ಮ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ, ಆದ್ದರಿಂದ ನಿಮ್ಮ ಕಷ್ಟ ನನಗೆ ಹೊಸದಲ್ಲ. ಮೊದಲು ಓದಿನಿಂದ ಆರಂಭಿಸಿ ಎನ್ನುವುದು ನನ್ನ ಸಲಹೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಸಚಿತ್ರ ಮಕ್ಕಳ ಕಥೆಗಳನ್ನು ನಾಲ್ಕು ಹಂತಗಳಾಗಿ ವಿಂಗಡಿಸಿಟ್ಟಿದ್ದಾರೆ, ಮತ್ತು ಎಷ್ಟೋ ಕಥೆಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಿಗುತ್ತವೆ. ಮುಕ್ತ ಪರವಾನಗಿಯ ಪುಸ್ತಕಗಳಾದ್ದರಿಂದ, ನೆಟ್‌ವರ್ಕ್ ಇರುವ ಕಡೆ ಪಿಡಿಎಫ್ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಲು, ಬೇಕಿದ್ದರೆ ಜೆರಾಕ್ಸ್ ಮಾಡಿಸಿ ಹಂಚಲು ಯಾರ ಅನುಮತಿಯೂ ಬೇಕಿಲ್ಲ. ಮೊದಲು ಕನ್ನಡದಲ್ಲಿ ಕಥೆಯನ್ನು ಓದಿಸಿ, ಮರುದಿನ ಅದನ್ನೇ ಇಂಗ್ಲಿಷಿನಲ್ಲಿ ಟಿವಿಯ ಮೇಲೆ ತೋರಿಸಿದರೆ, ಕಥೆ ಗೊತ್ತಿರುವುದರಿಂದ ಮಕ್ಕಳು ಪದಗಳಿಗೆ ಹೆದರದೆ ಅರ್ಥವನ್ನು ಊಹಿಸತೊಡಗುತ್ತಾರೆ. ಎಂಟನೆಯ ತರಗತಿಯವರಿಗೆ ಒಂದನೆಯ ಹಂತದ ಪುಸ್ತಕ ಕೊಡುವುದು ಅವಮಾನವಲ್ಲವೇ ಎಂದು ಕೆಲವರು ಕೇಳುತ್ತಾರೆ. ಓದಲಾಗದ ಪುಸ್ತಕವನ್ನು ಕೈಗೆ ಕೊಡುವುದೇ ನಿಜವಾದ ಅವಮಾನ ಎಂದು ನಾನು ತಿಳಿದಿದ್ದೇನೆ.

ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗಳ ಮೂಲಕ ದೀಕ್ಷಾ ವೇದಿಕೆಯ ಪಾಠಗಳೂ ದೊರೆಯುತ್ತವೆ. ಅವು ಪುನರಾವರ್ತನೆಗೆ ಸಾಕು, ಅದಕ್ಕಿಂತ ಹೆಚ್ಚನ್ನು ಅವುಗಳಿಂದ ನಿರೀಕ್ಷಿಸಬೇಡಿ.

ಉತ್ತರ: ದಾವಣಗೆರೆಯ ಇಂಗ್ಲಿಷ್ ಉಪನ್ಯಾಸಕಿ

ಮೇಷ್ಟ್ರು ಓದಿನ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಕೇಳುವುದನ್ನು ಮುಂದಕ್ಕೆ ಹಾಕುವುದು ಬೇಡ. ಬಿಬಿಸಿಯ ಆರು ನಿಮಿಷಗಳ ಇಂಗ್ಲಿಷ್ ಕಾರ್ಯಕ್ರಮವನ್ನು ಎಲ್ಲರೂ ಶಿಫಾರಸು ಮಾಡುತ್ತಾರೆ. ಪದವಿ ವಿದ್ಯಾರ್ಥಿಗಳಿಗೆ ಅದು ಬಹಳ ಒಳ್ಳೆಯದು, ಸಂಭಾಷಣೆಯ ಪೂರ್ಣ ಲಿಖಿತ ಪಾಠವೂ ಜೊತೆಗಿರುತ್ತದೆ. ಆದರೆ ಎಂಟನೆಯ ತರಗತಿಗೆ ಅದರ ವೇಗವೂ ಪದಸಂಪತ್ತೂ ಭಾರವಾಗುತ್ತವೆ. ನಿಮ್ಮ ಮಕ್ಕಳಿಗೆ ವಾಯ್ಸ್ ಆಫ್ ಅಮೆರಿಕದ ಕಲಿಕಾ ವಿಭಾಗದ ಹಳೆಯ ಸಂಗ್ರಹ ಹೆಚ್ಚು ಹೊಂದುತ್ತದೆ. 1959ರಲ್ಲಿ ಸ್ಪೆಷಲ್ ಇಂಗ್ಲಿಷ್ ಎಂಬ ಹೆಸರಿನಲ್ಲಿ ಆರಂಭವಾದ ಆ ಪ್ರಸಾರವು ಸುಮಾರು 1,500 ಮೂಲಪದಗಳನ್ನು, ಚಿಕ್ಕ ವಾಕ್ಯಗಳನ್ನು, ಸಾಮಾನ್ಯ ವಾರ್ತಾವಾಚನದ ಮೂರನೆಯ ಎರಡರಷ್ಟು ವೇಗವನ್ನು ಇಟ್ಟುಕೊಂಡು ರೂಪುಗೊಂಡಿತು.

ಸಾಮಗ್ರಿಯ ಆಯ್ಕೆಗಿಂತ ಅದನ್ನು ಬಳಸುವ ಕ್ರಮದಲ್ಲಿ ನಾವು ಹೆಚ್ಚು ಎಡವುತ್ತೇವೆ. ಇಡೀ ವೀಡಿಯೊ ಹಾಕಿ ಸುಮ್ಮನೆ ಕೂರಿಸಿದರೆ ಮಕ್ಕಳು ಚಿತ್ರ ನೋಡುತ್ತಾರೆಯೇ ಹೊರತು ಭಾಷೆ ಕೇಳುವುದಿಲ್ಲ. ಒಂದು ನಿಮಿಷದ ತುಣುಕನ್ನು ಮಾತ್ರ ಆರಿಸಿಕೊಳ್ಳಿ. ಮೊದಲ ಬಾರಿ ಪರದೆ ಮುಚ್ಚಿ ಧ್ವನಿಯನ್ನಷ್ಟೇ ಕೇಳಿಸಿ, ಯಾರು ಯಾರೊಡನೆ ಏನು ಮಾತಾಡಿದರೆಂದು ಕನ್ನಡದಲ್ಲಿಯೇ ಹೇಳಲು ಬಿಡಿ. ಎರಡನೆಯ ಬಾರಿ ಲಿಖಿತ ಪಾಠವನ್ನು ಕೈಗೆ ಕೊಟ್ಟು ಬೆರಳಿಟ್ಟು ಅನುಸರಿಸಲು ಹೇಳಿ. ಆಮೇಲೆ ವಾಕ್ಯವಾಕ್ಯಕ್ಕೂ ನಿಲ್ಲಿಸಿ, ಅದೇ ಏರಿಳಿತದಲ್ಲಿ ಒಟ್ಟಾಗಿ ಹೇಳಿಸಿ. ಪೀರಿಯಡ್‌ನ ಮೊದಲ ಹತ್ತು ನಿಮಿಷ ಇದಕ್ಕೆ ಸಾಕು, ಉಳಿದ ಹೊತ್ತು ಎಂದಿನಂತೆ ಪಾಠಕ್ಕಿರಲಿ. ಯೂಟ್ಯೂಬ್ ತಾನಾಗಿ ಮೂಡಿಸುವ ಅಡಿಬರಹಗಳನ್ನು ಮಾತ್ರ ಲಿಖಿತ ಪಾಠವೆಂದು ನಂಬಬೇಡಿ. ನಮ್ಮ ಊರು, ವ್ಯಕ್ತಿಗಳ ಹೆಸರು ಬಂದರೆ ಅವು ಏನನ್ನಾದರೂ ಬರೆದುಬಿಡುತ್ತವೆ.

ಉತ್ತರ: ಹೊಸದುರ್ಗದ ಬಿ.ಕಾಂ. ವಿದ್ಯಾರ್ಥಿ

ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನಾಗಿ, ಮನೆಯಲ್ಲಿ ಸಂಜೆ ಸ್ವಲ್ಪ ಹೊತ್ತು ಫೋನ್ ಸಿಗುವ ಮಕ್ಕಳಿಗಾಗಿ ಒಂದು ಮಾತು ಸೇರಿಸುತ್ತೇನೆ. ಫೋನಿನ ಧ್ವನಿ ಟೈಪಿಂಗ್ ಸೌಲಭ್ಯದಲ್ಲಿ ಭಾರತೀಯ ಇಂಗ್ಲಿಷನ್ನು ಆರಿಸಿಕೊಂಡು, ಪಾಠದ ವಾಕ್ಯವನ್ನು ಗಟ್ಟಿಯಾಗಿ ಓದಿದರೆ, ಫೋನು ತನಗೆ ಕೇಳಿಸಿದ್ದನ್ನು ಬರೆದು ತೋರಿಸುತ್ತದೆ. ತಪ್ಪಾಡಿದರೆ ನಗುವವರು ಅಲ್ಲಿ ಯಾರೂ ಇರುವುದಿಲ್ಲ ಎಂಬುದು ನಮ್ಮಂಥ ಸಂಕೋಚದವರಿಗೆ ದೊಡ್ಡ ಅನುಕೂಲ. ಆದರೆ ಅದು ಅಕ್ಕಪಕ್ಕದ ಪದಗಳನ್ನು ನೋಡಿ ಊಹಿಸಿ ಬರೆಯುವುದರಿಂದ ತಪ್ಪು ಉಚ್ಚಾರಣೆಯೂ ಕೆಲವೊಮ್ಮೆ ಸರಿಯಾಗಿ ಮೂಡುತ್ತದೆ. ಹೀಗಾಗಿ ಅನುಮಾನ ಬಂದ ಪದವನ್ನು ಕೇಂಬ್ರಿಜ್ ನಿಘಂಟಿನ ಜಾಲತಾಣದಲ್ಲಿ ಕೇಳಿ ನೋಡಬೇಕು. ಅನುವಾದದ ಆ್ಯಪ್‌ಗಳಿಂದ ಮನೆಗೆಲಸದ ಉತ್ತರವನ್ನೇ ಇಳಿಸುವ ಅಭ್ಯಾಸ ನಮ್ಮ ಕಾಲೇಜಿನಲ್ಲೂ ಇದೆ. ತಾನೇ ಬರೆದ ವಾಕ್ಯವನ್ನು ಕನ್ನಡಕ್ಕೆ ತಿರುಗಿಸಿ, ಹೇಳಬೇಕೆಂದಿದ್ದ ಅರ್ಥ ಬಂತೇ ಎಂದು ಪರೀಕ್ಷಿಸಲು ಬಳಸಿದರೆ ಅವೂ ಉಪಯುಕ್ತವೇ.

ಮರುಪ್ರಶ್ನೆ: ಜಗಳೂರು ತಾಲ್ಲೂಕಿನ ಶಿಕ್ಷಕಿ

ಎಲ್ಲರಿಗೂ ವಂದನೆಗಳು. ಲಿಖಿತ ಪಾಠವನ್ನು ಕೈಗೆ ಕೊಟ್ಟೊಡನೆ ಮಕ್ಕಳು ಪ್ರತಿ ಇಂಗ್ಲಿಷ್ ಪದದ ತಲೆಯ ಮೇಲೆ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತಾರೆ. ಇದನ್ನು ತಡೆಯಬೇಕೇ?

ಉತ್ತರ: ದಾವಣಗೆರೆಯ ಇಂಗ್ಲಿಷ್ ಉಪನ್ಯಾಸಕಿ

ಪೂರ್ತಿ ತಡೆಯಬೇಡಿ ಮೇಡಂ, ಆದರೆ ಧ್ವನಿಯನ್ನು ಕೇಳಿಸುವ ಮುಂಚೆ ಬರೆಯಲು ಬಿಡಬೇಡಿ. ಇಲ್ಲದಿದ್ದರೆ ಕಾಗುಣಿತ ನೋಡಿ ಊಹಿಸಿದ ಉಚ್ಚಾರಣೆಯೇ ಮನಸ್ಸಿನಲ್ಲಿ ನಿಂತುಬಿಡುತ್ತದೆ. ಕೇಳಿದ ಮೇಲೆ ಬರೆದುಕೊಂಡರೂ, ಪದದ ಯಾವ ಭಾಗದ ಮೇಲೆ ಒತ್ತು ಬೀಳುತ್ತದೆಂಬುದನ್ನು ನಮ್ಮ ಲಿಪಿ ತೋರಿಸುವುದಿಲ್ಲ. ಫೋಟೊಗ್ರಾಫ್ ಎನ್ನುವಾಗ ಒತ್ತು ಮೊದಲ ಭಾಗದ ಮೇಲಿದ್ದರೆ, ಫೋಟೊಗ್ರಫಿ ಎನ್ನುವಾಗ ಅದು ಎರಡನೆಯ ಭಾಗಕ್ಕೆ ಸರಿಯುತ್ತದೆ. ಒತ್ತು ಕೇಳಿಸಿದ ಭಾಗದ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆಯಲು ಹೇಳಿಕೊಡಿ. ಕನ್ನಡ ಅಕ್ಷರಗಳನ್ನು ವಾರದ ಕೊನೆಗೆ ಅಳಿಸಿಸಿ, ಗೆರೆಗಳು ಹಾಗೆಯೇ ಇರಲಿ.