3/4/25 ಅಂದ್ರೆ ಯಾವತ್ತು? ಗಡಿಯಾರದ ಟೂಲ್‌ಗೆ ಯಾವ ಯಾವ ತಾರೀಖು ತಿನ್ನಿಸಲಿ?

ಪ್ರಶ್ನೆ

ಟರ್ಮಿನಲ್‌ನಲ್ಲಿ ಓಡುವ ಒಂದು ಸಣ್ಣ ಗಡಿಯಾರದ ಟೂಲ್ ಬರೆಯುತ್ತಿದ್ದೇನೆ. ತಾರೀಖು, ಸಮಯ ಕೊಟ್ಟರೆ ಆಗ ಬೆಂಗಳೂರು, ಲಂಡನ್, ನ್ಯೂಯಾರ್ಕ್‌ನಲ್ಲಿ ಎಷ್ಟು ಗಂಟೆ ಅಂತ ತೋರಿಸುತ್ತದೆ. ಸದ್ಯಕ್ಕೆ 2025-04-03 ಥರದ್ದನ್ನು ಮಾತ್ರ ಒಪ್ಪುತ್ತದೆ. ಆಫೀಸಿನಲ್ಲಿ ನಾಲ್ಕು ಜನ ಬಳಸುತ್ತಿದ್ದಾರೆ, ನಾಲ್ವರದ್ದೂ ಒಂದೊಂದು ಬೇಡಿಕೆ. ಒಬ್ಬರಿಗೆ 3/4/25 ನಡೆಯಬೇಕು. ಒಬ್ಬರಿಗೆ ‘ನಾಳೆ 5ಕ್ಕೆ’ ಅಂತ ಬರೆಯುವ ಆಸೆ. ಇನ್ನೊಬ್ಬರು ಲಾಗ್‌ನಿಂದ ಎಪಾಕ್ ನಂಬರ್, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡು, ಎತ್ತಿ ಹಾಕುತ್ತಾರೆ. ನಾಲ್ಕನೆಯವರು ‘ಎಲ್ಲಾನೂ ಒಪ್ಪಲಿ ಬಿಡಿ, ಏನೀಗ?’ ಅನ್ನುತ್ತಾರೆ. ಇದರಲ್ಲಿ ಕೈ ಸುಟ್ಟುಕೊಂಡವರು ಇದ್ದರೆ ಹೇಳಿ. ಏನು ಇಟ್ಟುಕೊಂಡಿರಿ, ಏನು ಬಿಟ್ಟಿರಿ?

ಉತ್ತರ 1

ಕೈ ಸುಟ್ಟುಕೊಂಡವನು ನಾನು. ಹಳೇ ಕಂಪನಿಯೊಂದರಲ್ಲಿ ದಿನದ ವರದಿ ತೆಗೆಯುವ ಪೈಥಾನ್ ಸ್ಕ್ರಿಪ್ಟ್ ಬರೆದಿದ್ದೆ. ತಾರೀಖು ನಮ್ಮ ಕಡೆಯ ರೀತಿಯಲ್ಲೇ ಬರುತ್ತಿತ್ತು: ದಿನ, ತಿಂಗಳು, ವರ್ಷ, ನಡುವೆ ಸ್ಲ್ಯಾಶ್. ಓದಿಸಲು ಡೇಟ್‌ಯುಟಿಲ್ ಲೈಬ್ರರಿ ಹಾಕಿದ್ದೆ. ಏನು ಕೊಟ್ಟರೂ ನುಂಗುತ್ತಲ್ಲ ಅಂತ ಖುಷಿ.

ಒಂದು ತಿಂಗಳ 5ನೇ ತಾರೀಖು ಟೆಸ್ಟಿಂಗ್‌ನವರು ವರದಿ ತಪ್ಪು ಬರ್ತಿದೆ ಅಂತ ದೂರು ಹಾಕಿದರು. ನಾನು ಕೈಗೆತ್ತಿಕೊಂಡಿದ್ದು 16ಕ್ಕೆ. ನೋಡಿದರೆ ಎಲ್ಲ ಸರಿ! ನನ್ನ ಹತ್ರ ಸರಿಯಾಗೇ ಬರ್ತಿದೆ ಅಂತ ಬರೆದು ದೂರು ಮುಚ್ಚಿದೆ. ಮುಂದಿನ ತಿಂಗಳು 2ಕ್ಕೆ ಮತ್ತೆ ಅದೇ ದೂರು. ಆ ಲೈಬ್ರರಿ ಮೊದಲ ಅಂಕಿಯನ್ನು ತಿಂಗಳು ಅಂತ ಓದುತ್ತದೆ. ಅದು 12ಕ್ಕಿಂತ ಜಾಸ್ತಿ ಇದ್ದರೆ ಮಾತ್ರ, ಹೋಗಲಿ ಪಾಪ, ದಿನ ಇರಬೇಕು ಅಂತ ಸದ್ದಿಲ್ಲದೆ ಅದಲು ಬದಲು ಮಾಡುತ್ತದೆ. ಅಂದರೆ ಪ್ರತಿ ತಿಂಗಳು ಮೊದಲ ಹನ್ನೆರಡು ದಿನ ತಪ್ಪು, 13ರಿಂದ ಸರಿ. ನಡುವೆ 4/4, 5/5 ಥರದ ದಿನ ಬಂದರೆ ಅವತ್ತೂ ಸರಿ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ದಿನ ಮೊದಲು ಓದು ಅಂತ ಹೇಳುವ ಆಪ್ಷನ್ ಅದರಲ್ಲೇ ಇದೆ. ಅದನ್ನು ಆನ್ ಮಾಡಿದೆ. ಆಗ ಅಲ್ಲಿಯವರೆಗೆ ಸರಿಯಾಗಿ ಓದುತ್ತಿದ್ದ 2025-04-03 ಥರದ್ದು ಮಾರ್ಚ್ 4 ಆಗಿಬಿಟ್ಟಿತು! ವರ್ಷ ಮುಂದೆ ಇದ್ದರೂ ‘ದಿನ ಮೊದಲು’ ಅನ್ನೋದನ್ನು ಅದು ಬಿಡುವುದಿಲ್ಲ.

ಹಾಗಾಗಿ ಸ್ಲ್ಯಾಶ್ ಇರುವುದನ್ನು ಒಪ್ಪಲೇಬೇಡಿ. 13/04/2025 ಥರ ಅನುಮಾನವೇ ಇಲ್ಲದ್ದನ್ನೂ ಒಪ್ಪಬೇಡಿ. ಒಂದು ಸಲ ಒಪ್ಪಿದರೆ ಜನ ರೂಢಿ ಮಾಡಿಕೊಳ್ಳುತ್ತಾರೆ, ಮುಂದಿನ ತಿಂಗಳ 3ಕ್ಕೆ ಕೂಡ ಅದನ್ನೇ ಬರೆಯುತ್ತಾರೆ. ಹೊಸ ರೀತಿಯೊಂದನ್ನು ಸೇರಿಸಲು ಹತ್ತು ನಿಮಿಷ ಸಾಕು. ತೆಗೆಯಲು ಹೋದರೆ ಯಾರದೋ ಸ್ಕ್ರಿಪ್ಟ್ ರಾತ್ರಿ ನಿಲ್ಲುತ್ತದೆ, ಫೋನ್ ನಿಮಗೇ ಬರುತ್ತದೆ.

ಉತ್ತರ 2

ನಾನು ಸರ್ವರ್ ನೋಡಿಕೊಳ್ಳುವವಳು. ಹಳೇ ಕಮ್ಯಾಂಡ್‌ಗಳು ಏನೇನು ಒಪ್ಪುತ್ತವೆ ಅಂತ ಒಂದು ಸಂಜೆ ಕೂತು ಆಡಿಸಿ ನೋಡಿ, ನಿಮ್ಮ ನಾಲ್ಕನೆಯವರಿಗೆ ಅದೇ ಉತ್ತರ. ಲಿನಕ್ಸ್‌ನ ಡೇಟ್ ಕಮ್ಯಾಂಡ್‌ಗೆ ಡಿ ಆಪ್ಷನ್ ಹಾಕಿ ಬರೀ 2025 ಅಂತ ಕೊಡಿ. ವರ್ಷ ಅಂದುಕೊಂಡಿರಾ? ಇವತ್ತು ರಾತ್ರಿ 8:25 ಅನ್ನುತ್ತದೆ. ನಾಲ್ಕು ಅಂಕಿ ಒಂಟಿಯಾಗಿ ಬಂದರೆ ಅದಕ್ಕೆ ಗಂಟೆ, ನಿಮಿಷ. ಎಂಟು ಅಂಕಿ, 20250403, ಕೊಟ್ಟರೆ ತಾರೀಖು. 2025ರ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸು ಅಂದರೆ ಮಾರ್ಚ್ 3ಕ್ಕೆ ಹೋಗಿ ನಿಲ್ಲುತ್ತದೆ, ಯಾಕಂದ್ರೆ ಫೆಬ್ರವರಿ 31 ಇಲ್ಲವಲ್ಲ. ಮ್ಯಾಕ್‌ನಲ್ಲಿರುವ ಡೇಟ್ ಫೆಬ್ರವರಿ 28 ಅನ್ನುತ್ತದೆ.

ಇಂಥ ಹೊತ್ತಿಗೆ ಈ ಕೆಲಸ ಮಾಡು ಅಂತ ಹೇಳುವ ಅಟ್ ಕಮ್ಯಾಂಡ್‌ನಲ್ಲಿ ಸ್ಲ್ಯಾಶ್ ಹಾಕಿದರೆ ತಿಂಗಳು ಮೊದಲು, ಚುಕ್ಕಿ ಹಾಕಿದರೆ ದಿನ ಮೊದಲು. ಅದಕ್ಕೆ ‘ಟೀಟೈಮ್’ ಅಂದರೂ ಗೊತ್ತು: ಸಂಜೆ 4. ಕೋಡ್‌ನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ಲೆಕ್ಕ ಇಡುವ ಗಿಟ್‌ಗೂ ‘ಟೀ’ ಗೊತ್ತು, ಆದರೆ ಅದರ ಚಹಾ 5ಕ್ಕೆ. ತಮಾಷೆ ಹಾಗಿರಲಿ, ಗಿಟ್ ಲಾಗ್‌ಗೆ ಇಂಥ ದಿನದಿಂದ ಅಂತ ಹೇಳುವಲ್ಲಿ ಏನೋ ಒಂದು ಕೆರೆದರೆ ಅದು ಬೈಯುವುದೇ ಇಲ್ಲ. ಈಗಿನ ಸಮಯ ಅಂತ ತೆಗೆದುಕೊಂಡು ಖಾಲಿ ಪಟ್ಟಿ ತೋರಿಸುತ್ತದೆ. ಆ ವಾರ ಯಾರೂ ಕೆಲಸವೇ ಮಾಡಿಲ್ಲ ಅಂದುಕೊಳ್ಳಬೇಕು ನಾವು.

ಎಪಾಕ್ ಬೇಕೇ ಬೇಕು, ಬಿಡಬೇಡಿ. ಆದರೆ ಮುಂದೆ @ ಗುರುತು ಕಡ್ಡಾಯ ಮಾಡಿ, ಡೇಟ್ ಕಮ್ಯಾಂಡ್‌ನಲ್ಲಿ ಇರುವ ಹಾಗೆ. ಇಲ್ಲದಿದ್ದರೆ 20250403 ಅನ್ನೋದು ಏಪ್ರಿಲ್ 3ಆ, 1970ರ ಆಗಸ್ಟಾ ಅಂತ ಜಗಳ. 13 ಅಂಕಿ ಬಂದರೆ ಅದು ಮಿಲಿಸೆಕೆಂಡು, ನಿಲ್ಲಿಸಿ ಕೇಳಿ. 2025ರ ಏಪ್ರಿಲ್ 3ರ ಮಿಲಿಸೆಕೆಂಡನ್ನು ಸೆಕೆಂಡು ಅಂತ ಓದಿದರೆ ಐವತ್ತೇಳು ಸಾವಿರ ಚಿಲ್ಲರೆ ಇಸವಿಗೆ ಹೋಗುತ್ತೀರಿ. ಅದು ಹೇಗೂ ಕಣ್ಣಿಗೆ ಹೊಡೆಯುತ್ತದೆ ಬಿಡಿ. ಉಲ್ಟಾ ಆದರೆ 1970ರ ಜನವರಿ, ಅದೂ ಕಾಣುತ್ತದೆ. ಒಂದು ದಿನದ ತಪ್ಪು ಕಾಣುವುದಿಲ್ಲ.

ಉತ್ತರ 3

ಟೈಮ್‌ಝೋನ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ನಿಮ್ಮ ಟೂಲ್‌ನ ಕೆಲಸವೇ ಅದು. ‘ಐಎಸ್‌ಟಿ’ ಅಂತ ಬರೆದರೆ ಒಪ್ಪಬೇಡಿ. ನಮಗೆ ಅದು +05:30, ಅಂದರೆ ಜಗತ್ತಿಗೆಲ್ಲ ಮೂಲ ಸಮಯವಾದ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಇಸ್ರೇಲ್‌ನವರಿಗೆ +02:00. ಐರ್ಲೆಂಡ್‌ನ ಬೇಸಿಗೆಯಲ್ಲಿ +01:00. ಏಷ್ಯಾ/ಕೋಲ್ಕತಾ ಅನ್ನುವ ಪೂರ್ತಿ ಹೆಸರು, ಇಲ್ಲವೇ +05:30, ಎರಡೇ ಸಾಕು.

ಬರೀ ತಾರೀಖು ಕೊಟ್ಟಾಗ ಯಾವ ಊರಿನ ಮಧ್ಯರಾತ್ರಿ ಅಂತಲೂ ಮೊದಲೇ ನಿರ್ಧಾರ ಮಾಡಿ. ಜಾವಾಸ್ಕ್ರಿಪ್ಟ್ 2025-04-03 ಅನ್ನು ಯುಟಿಸಿ ಮಧ್ಯರಾತ್ರಿ ಅಂತ ಓದುತ್ತದೆ. ನಮ್ಮಲ್ಲಿ ಆಗ ಬೆಳಿಗ್ಗೆ 5:30, ತಾರೀಖು 3ನೇ. ಹಾಗಾಗಿ ಇಲ್ಲಿ ಕೂತು ಟೆಸ್ಟ್ ಮಾಡಿದರೆ ಗೊತ್ತೇ ಆಗುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಆಗಿನ್ನೂ 2ನೇ ತಾರೀಖು ರಾತ್ರಿ 8. ಇನ್ನು ಅಲ್ಲಿ 2025ರ ಮಾರ್ಚ್ 9ರ ಬೆಳಗಿನ ಜಾವ 2:30 ಅನ್ನುವ ಸಮಯವೇ ಇರಲಿಲ್ಲ, ಗಡಿಯಾರ 2ರಿಂದ ಸೀದಾ 3ಕ್ಕೆ ಹೋಯಿತು. ಅಂಥದ್ದು ಕೊಟ್ಟರೆ ಇಲ್ಲ ಅಂತ ಹೇಳಬೇಕು, ಸುಮ್ನೆ 3:30 ಮಾಡಬಾರದು.

ಉತ್ತರ 4

‘ನಾಳೆ 5ಕ್ಕೆ’ ಬಗ್ಗೆ. ನಾವು ಕನ್ನಡದಲ್ಲೇ ಇದನ್ನು ಸರಿಯಾಗಿ ಮಾತಾಡಲ್ಲ, ಟೂಲ್ ಪಾಪ ಏನು ಮಾಡೀತು? ಬುಧವಾರ ನಿಂತು ‘ಮುಂದಿನ ಶುಕ್ರವಾರ’ ಅಂದರೆ ನಮ್ಮ ಮನೆಯಲ್ಲಿ ಅರ್ಧ ಜನಕ್ಕೆ ಅದು ನಾಡಿದ್ದು, ಉಳಿದವರಿಗೆ ಆಮೇಲಿನ ವಾರ. ‘ಬರೋ ಶುಕ್ರವಾರ’ ಅಂದರೆ ಮಾತ್ರ ಜಗಳ ಇಲ್ಲ. ನಮ್ಮ ಮಾವ ಶನಿವಾರ ರಾತ್ರಿ 12:10ರ ರೈಲು ಅಂತ ಶನಿವಾರ ರಾತ್ರಿ ಊಟ ಮುಗಿಸಿಕೊಂಡು ಸ್ಟೇಷನ್‌ಗೆ ಹೋದರು. ಟಿಕೆಟ್‌ನಲ್ಲಿ ಶನಿವಾರ 00:10 ಅಂತ ಇತ್ತು. ರೈಲು ಹಿಂದಿನ ರಾತ್ರಿಯೇ ಹೋಗಿತ್ತು.

ಇನ್ನೊಂದು ಸಣ್ಣದು. ೨೦೨೫ ಅಂತ ಕನ್ನಡ ಅಂಕಿಯಲ್ಲಿ ಕೊಟ್ಟರೆ ಪೈಥಾನ್ ಅದನ್ನು ಸಂಖ್ಯೆ ಮಾಡಿಬಿಡುತ್ತದೆ, ನೀವು ಬೇಡ ಅನ್ನದಿದ್ದರೆ ಒಳಗೆ ಬರುತ್ತದೆ. ನಾನಂತೂ ಬರಲಿ ಅನ್ನುತ್ತೇನೆ. ಆದರೆ ತಿಂಗಳ ಹೆಸರನ್ನು ಪ್ರಿಂಟ್ ಮಾಡಬೇಡಿ. ಲೊಕೇಲ್, ಅಂದರೆ ಕಂಪ್ಯೂಟರ್‌ನ ಭಾಷೆಯ ಸೆಟ್ಟಿಂಗ್, ಕನ್ನಡಕ್ಕಿಟ್ಟರೆ ಡೇಟ್ ಕಮ್ಯಾಂಡ್ ‘ಏಪ್ರಿಲ್’ ಅಂತ ಚೆಂದವಾಗಿ ಬರೆಯುತ್ತದೆ. ಅದೇ ಸಾಲನ್ನು ತಿರುಗಿ ಅದಕ್ಕೇ ಕೊಟ್ಟರೆ ತಪ್ಪು ತಾರೀಖು ಅನ್ನುತ್ತದೆ. ತಾನು ಬರೆದದ್ದನ್ನು ತಾನೇ ಓದಲಾರದು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವರ್ಷ-ತಿಂಗಳು-ದಿನ ಹಾಗೇ ಉಳಿಯುತ್ತದೆ, ಸಮಯದ ಮುಂದೆ ಟಿ ಅಕ್ಷರ ಇದ್ದರೂ ಸರಿ, ಖಾಲಿ ಜಾಗ ಇದ್ದರೂ ಸರಿ. @ ಹಾಕಿದ ಎಪಾಕ್ ಸೇರಿಸಿದೆ. ‘ಇವತ್ತು’, ‘ನಾಳೆ’ ಎರಡು ಇಟ್ಟೆ, ಸಮಯ ಮಾತ್ರ 17:00 ಅಂತಲೇ ಬರೆಯಬೇಕು. ‘ನಾಡಿದ್ದು’ ಸೇರಿಸುವ ಆಸೆ ಇದೆ, ತಡೆದುಕೊಂಡಿದ್ದೇನೆ. ಏನು ಕೊಟ್ಟರೂ ಮೊದಲ ಸಾಲಿನಲ್ಲಿ ಟೂಲ್‌ಗೆ ಅರ್ಥವಾದ ತಾರೀಖು, ವಾರ, ಝೋನ್ ಬರುತ್ತದೆ.

ಸ್ಲ್ಯಾಶ್ ಹಾಕಿದರೆ ‘ಏಪ್ರಿಲ್ 3 ಆದರೆ 2025-04-03, ಮಾರ್ಚ್ 4 ಆದರೆ 2025-03-04 ಅಂತ ಬರೆಯಿರಿ’ ಅಂತ ಹೇಳಿ ನಿಲ್ಲುತ್ತದೆ. ನಾಲ್ಕನೆಯವರು ಇವತ್ತು ಅದನ್ನು ನೋಡಿ, ‘ಎರಡೂ ಗೊತ್ತಿದೆಯಲ್ಲ ಇದಕ್ಕೆ, ಒಂದು ಆರಿಸೋಕೆ ಏನು ರೋಗ?’ ಅಂದರು. ಉತ್ತರ 1ನ್ನು ಅವರಿಗೆ ಕಳಿಸಿದ್ದೇನೆ.