ಶುಗರ್ ಇರುವವರ ಕಣ್ಣಿನ ತಪಾಸಣೆಗೆ ಎಐ: ಸಣ್ಣ ಕ್ಲಿನಿಕ್‌ನಲ್ಲಿ ಎಲ್ಲಿ ಎಡವುತ್ತದೆ?

ಮಣಿಪಾಲ_ವಿದ್ಯಾರ್ಥಿ:
ಆಸ್ಪತ್ರೆ ಆಡಳಿತ ಓದುತ್ತಿದ್ದೇನೆ. ಬ್ರಹ್ಮಾವರ, ಕಾಪು ಕಡೆಯ ಡಯಾಬಿಟಿಸ್ ಕ್ಲಿನಿಕ್‌ಗಳಲ್ಲಿ ಎಐ ಮೂಲಕ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ತಪಾಸಣೆ ನಡೆಸಬಹುದೇ ಎಂಬುದು ಪ್ರಾಜೆಕ್ಟ್. ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲೇ ಇಂಥದ್ದಕ್ಕೆ ಅನುಮತಿ ಕೊಟ್ಟಿದೆ. ಹಾಗಾದರೆ ತೊಡಕು ಎಲ್ಲಿ? ಖರ್ಚಿನ ಲೆಕ್ಕ ಹೇಗೆ?

ಫಂಡಸ್_ಉಡುಪಿ:
ತೊಡಕು ಫೋಟೋದಲ್ಲಿ ಮಾರಾಯ್ರೆ. ಒಂದೊಂದು ಕಣ್ಣಿಗೆ 45 ಡಿಗ್ರಿಯ ಎರಡು ಚಿತ್ರ ಬೇಕು: ಒಂದು ಮ್ಯಾಕುಲಾ (ರೆಟಿನಾದ ನಡುಭಾಗ) ನಡುವಿಗೆ, ಇನ್ನೊಂದು ಆಪ್ಟಿಕ್ ಡಿಸ್ಕ್ (ದೃಷ್ಟಿ ನರ ಹೊರಡುವ ಜಾಗ) ನಡುವಿಗೆ. ಕೋಣೆ ಕತ್ತಲಿರಬೇಕು, ಒಂದು ಕಣ್ಣಿನ ಫ್ಲ್ಯಾಶ್ ಆದಮೇಲೆ ಪಾಪೆ ಮತ್ತೆ ಅಗಲವಾಗಲು ಕೆಲವು ನಿಮಿಷ ಬಿಡಿ. ಪೊರೆ ಬಂದ ಹಿರಿಯರಲ್ಲಿ ಚಿತ್ರ ಮಸುಕೇ. ಪಾಪೆ ಅಗಲಿಸುವ ಟ್ರೋಪಿಕಮೈಡ್ ಹನಿ ಹಾಕಿದರೆ 20–30 ನಿಮಿಷ ಕಾಯಬೇಕು, ಆಮೇಲೆ ಕೆಲವು ಗಂಟೆ ಸ್ಕೂಟರ್ ಓಡಿಸುವಂತಿಲ್ಲ. ಕಣ್ಣಿನ ಆ್ಯಂಗಲ್ (ಒಳಗಿನ ದ್ರವ ಹರಿದು ಹೋಗುವ ಮೂಲೆ) ಕಿರಿದಾಗಿರುವವರಿಗೆ ವೈದ್ಯರನ್ನು ಕೇಳದೆ ಹಾಕಲೇಬಾರದು. ಥಾಯ್ಲೆಂಡ್‌ನ ಕ್ಲಿನಿಕ್‌ಗಳಲ್ಲಿ ಗೂಗಲ್ ನಡೆಸಿದ ಪ್ರಯೋಗದಲ್ಲಿ ಸುಮಾರು ಐದನೇ ಒಂದು ಭಾಗ ಚಿತ್ರಗಳನ್ನು ಯಂತ್ರವೇ ತಿರಸ್ಕರಿಸಿತ್ತು. ಕೋಣೆಯ ಬೆಳಕಿನ ವ್ಯವಸ್ಥೆಯೂ ಒಂದು ಕಾರಣ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಲೆನ್ಸ್‌ಗೆ ಬೂಷ್ಟು ಬೇರೆ. ಕ್ಯಾಮರಾವನ್ನು ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಪೆಟ್ಟಿಗೆಯಲ್ಲಿಡಿ.

ಲೆಕ್ಕಪತ್ರ_ಕುಡ್ಲ:
ಖರ್ಚನ್ನು ತೆಗೆದ ಫೋಟೋಗಳಿಂದ ಭಾಗಿಸಬೇಡಿ, ಯಂತ್ರ ಓದಿ ಫಲಿತಾಂಶ ಕೊಟ್ಟ ವರದಿಗಳಿಂದ ಭಾಗಿಸಿ. ಕ್ಯಾಮರಾ ಸವಕಳಿ, ತಂತ್ರಜ್ಞರ ಸಂಬಳ, ಸಾಫ್ಟ್‌ವೇರ್ ಚಂದಾ ಎಲ್ಲ ಸೇರಲಿ. ಹೆಚ್ಚಿನವರು ಬಿಡುವುದು ಫಾಲೋ-ಅಪ್ ಫೋನಿನ ಖರ್ಚು. ರೆಫರ್ ಆದವರು ಕಣ್ಣಿನ ಡಾಕ್ಟರ ಬಳಿ ಹೋಗದಿದ್ದರೆ ಹಾಕಿದ ದುಡ್ಡೆಲ್ಲ ನೀರುಪಾಲು.

ಫಂಡಸ್_ಉಡುಪಿ:
ಹೌದು. ಇನ್ನೊಂದು: ಡಯಾಬಿಟಿಕ್ ರೆಟಿನೋಪತಿಗೆ (ಶುಗರ್‌ನಿಂದ ರೆಟಿನಾಕ್ಕೆ ಆಗುವ ಹಾನಿ) ಮಾತ್ರ ತಯಾರಾದ ಸಾಫ್ಟ್‌ವೇರ್ ಗ್ಲಾಕೋಮಾ (ದೃಷ್ಟಿ ನರ ಹಾಳಾಗುವ ರೋಗ) ಹಿಡಿಯುವುದಿಲ್ಲ. ವರದಿಯಲ್ಲಿ ಅದನ್ನು ಕನ್ನಡದಲ್ಲೇ ಮುದ್ರಿಸಿ ಕೊಡಿ.